ದುಃಖದ ಪ್ರಶ್ನೆಯನ್ನು ಓದುವ ಬಗೆ

ಒಳ್ಳೆಯವರಿಗೇ ಏಕೆ ಕಷ್ಟ, ಕೆಟ್ಟವರು ಏಕೆ ಮೆರೆಯುತ್ತಾರೆ, ದೇವರೆಂಬವನಿದ್ದರೆ ಇದನ್ನೆಲ್ಲ ನೋಡಿಯೂ ಏಕೆ ಸುಮ್ಮನಿದ್ದಾನೆ ಎಂದು ಕೇಳದ ಮನೆಯಿಲ್ಲ. ಆದರೆ ಈ ಪ್ರಶ್ನೆಗಳಿಗೆ ಧರ್ಮಗಳೂ ದರ್ಶನಗಳೂ ಕೊಟ್ಟಿರುವ ಉತ್ತರಗಳನ್ನು ಮೂಲದ ಹತ್ತಿರಕ್ಕೆ ಹೋಗಿ ಕ್ರಮವಾಗಿ ಓದಿದವರು ಕಡಿಮೆ. ನಾವು ಹೆಚ್ಚಿನವರು ಅವನ್ನು ಸಾವಿನ ಮನೆಯ ಜಗಲಿಯಲ್ಲೋ ಪ್ರವಚನದ ನಡುವೆಯೋ ಕೇಳಿ ಕಲಿತವರು. ಹಾಗೆ ಕಲಿತದ್ದರಲ್ಲಿ ಉತ್ತರವೊಂದು ಉಳಿದಿರುತ್ತದೆ, ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದು ಮಾತ್ರ ಕಳೆದುಹೋಗಿರುತ್ತದೆ. ಕಳೆದುಹೋದದ್ದನ್ನು ಹುಡುಕಿಕೊಂಡು, ಒಬ್ಬರೇ ಆಗಲಿ ನಾಲ್ಕು ಜನ ಸೇರಿಯಾಗಲಿ, ಎರಡು ಮೂರು ತಿಂಗಳು ಕುಳಿತು ಓದಬೇಕೆನ್ನುವವರಿಗೆ ಒಂದು ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ದಾರಿ ನನಗೆ ಸಿಕ್ಕಿದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ದಾಯಾದಿಗಳ ಮನೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಹುಡುಗ ತೀರಿಕೊಂಡ. ಹದಿಮೂರನೆಯ ದಿನ ಊಟದ ಎಲೆ ಎತ್ತಿದ ಮೇಲೆ, ಏನಾದರೂ ಸಮಾಧಾನ ಹೇಳಬೇಕಲ್ಲ ಎಂದುಕೊಂಡು ನಾನು ಅತ್ತಿಗೆಯ ಬಳಿ ಹೋಗಿ, ‘ಋಣ ಇದ್ದಷ್ಟು ದಿನ ಇದ್ದ ಅತ್ತಿಗೆ’ ಎಂದೆ. ಅವರು ಪಾತ್ರೆಗಳನ್ನು ಎಣಿಸಿ ಬುಟ್ಟಿಗೆ ಹಾಕುತ್ತಿದ್ದವರು ಕೈ ನಿಲ್ಲಿಸದೆ, ‘ಆ ಋಣದ ಲೆಕ್ಕ ನಿನ್ನ ಹತ್ರ ಇದೆಯೇನಪ್ಪ?’ ಎಂದು ಕೇಳಿದರು. ನಾನು ಹೇಳಿದ್ದು ಶಾಸ್ತ್ರಕ್ಕೆ ವಿರುದ್ಧವಾದ ಮಾತೇನೂ ಆಗಿರಲಿಲ್ಲ. ಆದರೆ ಅದನ್ನು ಹೇಳುವ ಬಾಯಿ ನನ್ನದಾಗಿರಲಿಲ್ಲ, ಕೇಳುವ ಕಿವಿ ಅವರದಾಗಿರಲಿಲ್ಲ, ಆ ಹೊತ್ತೂ ಅದಕ್ಕೆ ತಕ್ಕದ್ದಾಗಿರಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ಏನನ್ನೇ ಓದಿದರೂ ಪುಟದ ಅಂಚಿನಲ್ಲಿ ಮೂರು ಸಂಗತಿಗಳನ್ನು ಗುರುತು ಮಾಡಿಕೊಳ್ಳುತ್ತೇನೆ: ಇದನ್ನು ಹೇಳಿದವರು ಯಾರು, ಹೇಳಿದ್ದು ಯಾರಿಗೆ, ಯಾವ ಹೊತ್ತಿನಲ್ಲಿ. ಕೆಳಗೆ ಬರೆದಿರುವುದೆಲ್ಲ ಈ ಮೂರು ಗುರುತುಗಳ ವಿಸ್ತಾರವೇ.

ಓದಿಗೆ ಬೇಕಾಗುವ ಸಲಕರಣೆ ಹೆಚ್ಚಿಲ್ಲ. ಉದ್ದ ಹಾಳೆಯ ಒಂದು ನೋಟ್‌ಬುಕ್ಕು ಸಾಕು. ಪ್ರತಿ ಪುಟದಲ್ಲಿಯೂ ಗೆರೆ ಎಳೆದು ನಾಲ್ಕು ಅಂಕಣ ಮಾಡಿಕೊಳ್ಳಿ. ಮೊದಲನೆಯದರಲ್ಲಿ ಮಾತು, ಉಳಿದ ಮೂರರಲ್ಲಿ ಮೇಲಿನ ಮೂರು ಗುರುತುಗಳು. ಗುಂಪಿನಲ್ಲಿ ಓದುವುದಾದರೆ ಐದಾರು ಜನಕ್ಕಿಂತ ಹೆಚ್ಚು ಬೇಡ, ಏಕೆಂದರೆ ಎಂಟು ಜನರಾದರೆ ಒಬ್ಬರಾದರೂ ಭಾಷಣ ಶುರುಮಾಡುತ್ತಾರೆ. ಇನ್ನೂ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮನೆಯಲ್ಲಿ ಈಗಷ್ಟೇ ಸಾವಾಗಿದ್ದರೆ ಈ ಓದನ್ನು ವರ್ಷಾಂತಿಕ ಕಳೆಯುವವರೆಗೆ ಮುಂದಕ್ಕೆ ಹಾಕಿ. ಹಸಿ ದುಃಖದಲ್ಲಿರುವವರಿಗೆ ಗ್ರಂಥಗಳು ಒಂದೋ ತೀರಾ ತಣ್ಣಗೆ ಕಾಣುತ್ತವೆ, ಇಲ್ಲವೇ ಯಾವುದೋ ಒಂದೇ ಸಾಲಿಗೆ ಗಂಟುಬೀಳುವಂತೆ ಮಾಡುತ್ತವೆ.

ಮೊದಲು ಮಾತುಗಳನ್ನು ಬೇರ್ಪಡಿಸಿ

ನಮ್ಮ ಆಡುಮಾತಿನಲ್ಲಿ ಕರ್ಮ, ಪ್ರಾರಬ್ಧ, ಹಣೆಬರಹ, ವಿಧಿ, ಗ್ರಹಚಾರ, ಋಣಾನುಬಂಧ, ಶಾಪ, ದೈವೇಚ್ಛೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದುಹೋಗಿವೆ. ಬಸ್ಸು ತಪ್ಪಿದರೂ ‘ಕರ್ಮ’, ಮಗ ಕುಡಿಯಲು ಕಲಿತರೂ ‘ಪ್ರಾರಬ್ಧ’. ಆದರೆ ಇವು ಬೇರೆ ಬೇರೆ ಲೆಕ್ಕದ ಮಾತುಗಳು. ವೇದಾಂತಿಗಳ ಮಾತಿನಲ್ಲಿ ಕೂಡಿಟ್ಟ ಕರ್ಮ ಸಂಚಿತ, ಅದರಲ್ಲಿ ಫಲ ಕೊಡಲು ಆರಂಭಿಸಿದ ಪಾಲು ಪ್ರಾರಬ್ಧ, ಈಗ ಮಾಡುತ್ತಿರುವುದರಿಂದ ಮುಂದೆ ಬರುವುದು ಆಗಾಮಿ. ಇಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ. ಹಣೆಬರಹದಲ್ಲಿ ಬರೆದವನು ಇನ್ನೊಬ್ಬ, ಗ್ರಹಚಾರದಲ್ಲಿ ಮಾಡಿದವನೆಂಬುವನೇ ಇಲ್ಲ, ಶಾಪದಲ್ಲಿ ಮೂರನೆಯವನೊಬ್ಬನ ಸಿಟ್ಟು ಬಂದು ಸೇರುತ್ತದೆ. ಮೊದಲ ವಾರ ಬೇರೇನೂ ಓದದೆ, ನಿಮ್ಮ ಮನೆಯಲ್ಲಿ ಕಷ್ಟದ ಹೊತ್ತಿನಲ್ಲಿ ಆಡುವ ಹತ್ತು ಮಾತುಗಳನ್ನು ನೆನಪಿಸಿಕೊಂಡು ಬರೆದು, ಪ್ರತಿಯೊಂದರಲ್ಲಿಯೂ ಹೊಣೆ ಯಾರ ತಲೆಗೆ ಹೋಗುತ್ತದೆ ಎಂಬುದನ್ನು ಗುರುತಿಸಿ. ಈ ಅಭ್ಯಾಸ ಸಪ್ಪೆಯೆನಿಸಿದರೂ ಬಿಡಬೇಡಿ.

ಒಳಿತು ಕೆಡುಕುಗಳ ಮಾತಿಗೂ ಇದೇ ಶಿಸ್ತು ಬೇಕು. ಪಶ್ಚಿಮದ ತತ್ತ್ವಶಾಸ್ತ್ರದಲ್ಲಿ ಮನುಷ್ಯ ಮಾಡುವ ಕ್ರೌರ್ಯವನ್ನೂ ಭೂಕಂಪ, ರೋಗಗಳಂತಹ ವಿಪತ್ತನ್ನೂ ಒಂದೇ ಹೆಸರಿನಡಿ ತಂದು, ಆಮೇಲೆ ನೈತಿಕ ಕೇಡು ಮತ್ತು ಪ್ರಾಕೃತಿಕ ಕೇಡು ಎಂದು ಎರಡಾಗಿ ಒಡೆಯುತ್ತಾರೆ. ನಮ್ಮಲ್ಲಿ ಪಾಪ ಬೇರೆ, ದುಃಖ ಬೇರೆ. ಪಾಪ ಮಾಡುವುದು, ದುಃಖ ಉಣ್ಣುವುದು, ಎರಡನ್ನೂ ಕರ್ಮವೆಂಬ ಕೊಂಡಿ ಸೇರಿಸುತ್ತದೆ. ಈ ವ್ಯತ್ಯಾಸವನ್ನು ಮರೆತು ಅವರ ಪ್ರಶ್ನೆಗೆ ನಮ್ಮ ಉತ್ತರವನ್ನು ಹಚ್ಚಿದರೆ ಎರಡೂ ಬಾಲಿಶವಾಗಿ ಕಾಣುತ್ತವೆ.

ಪ್ರಶ್ನೆಯೂ ಒಂದಲ್ಲ. ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಮೊದಲ ದಿನವೇ ಅವರು ಹೇಳಿದ ಮಾತನ್ನು ನಾನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ: ‘ವಾರ್ಡಿನಲ್ಲಿ ಎಲ್ಲರೂ ಕೇಳೋರು ಸಾರ್, ನಾನೇನು ಪಾಪ ಮಾಡಿದ್ದೆ ಸಿಸ್ಟರ್ ಅಂತ. ಅದಕ್ಕೆ ಉತ್ತರ ಕೊಡೋಕೆ ಹೋಗಬಾರದು, ದಿಂಬು ಸರಿ ಮಾಡಬೇಕು.’ ಹೀಗೆ ಪ್ರಶ್ನೆಯ ಆಕಾರದಲ್ಲಿರುವ ಅಳು ಒಂದು. ನಿಜವಾಗಿಯೂ ಕಾರಣವನ್ನು ಕೇಳುವುದು ಇನ್ನೊಂದು. ಯಾರನ್ನು ಹೊಣೆ ಮಾಡಬೇಕು ಎಂಬುದು ಮತ್ತೊಂದು. ಇನ್ನು ಮುಂದೆ ಹೇಗೆ ಬದುಕಬೇಕು ಎಂಬುದು ಬೇರೆಯೇ. ಓದುವಾಗ ಗ್ರಂಥ ಇವುಗಳಲ್ಲಿ ಯಾವುದಕ್ಕೆ ಉತ್ತರ ಕೊಡುತ್ತಿದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಗೌತಮಿಯ ಕಥೆಯಿಂದ ಆರಂಭಿಸಿ

ಮೊದಲ ಪಠ್ಯವಾಗಿ ನಾನು ಯಾವಾಗಲೂ ಸೂಚಿಸುವುದು ಮಹಾಭಾರತದ ಅನುಶಾಸನಪರ್ವದ ಮೊದಲ ಅಧ್ಯಾಯವನ್ನು. ಕುಮಾರವ್ಯಾಸ ಗದಾಪರ್ವಕ್ಕೆ ಕಾವ್ಯವನ್ನು ನಿಲ್ಲಿಸಿದ್ದರಿಂದ ಇದು ಅವನಲ್ಲಿ ಸಿಗುವುದಿಲ್ಲ. ಮುಂದಿನ ಪರ್ವಗಳನ್ನು ತಿಮ್ಮಣ್ಣಕವಿ ಕೃಷ್ಣದೇವರಾಯನ ಕಾಲದಲ್ಲಿ ಕನ್ನಡಕ್ಕೆ ತಂದ. ಸಂಸ್ಕೃತ ಮೂಲದ ಯಾವುದಾದರೂ ಪೂರ್ಣ ಕನ್ನಡ ಗದ್ಯಾನುವಾದವನ್ನು ಹಿಡಿದರೆ ಓದು ಸುಲಭ. ಒಂದೇ ಕೂತಕ್ಕೆ ಮುಗಿಯುವಷ್ಟು ಚಿಕ್ಕ ಕಥೆ ಅದು.

ಗೌತಮಿ ಎಂಬ ಮುದುಕಿಯ ಮಗ ಹಾವು ಕಚ್ಚಿ ಸಾಯುತ್ತಾನೆ. ಅರ್ಜುನಕನೆಂಬ ಬೇಡ ಆ ಹಾವನ್ನು ಹಿಡಿದು, ನರದ ಹಗ್ಗದಲ್ಲಿ ಕಟ್ಟಿ ತಂದು, ಬೆಂಕಿಗೆ ಹಾಕಲೇ, ತುಂಡು ತುಂಡು ಮಾಡಲೇ ಎಂದು ಕೇಳುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಎದ್ದು ಬರುವುದಿಲ್ಲ ಎನ್ನುತ್ತಾಳೆ ಗೌತಮಿ. ಬೇಡ ಒಪ್ಪುವುದಿಲ್ಲ. ಆಗ ಹಾವೇ ಮಾತಾಡಿ, ನಾನು ಸ್ವತಂತ್ರನಲ್ಲ, ಮೃತ್ಯು ಕಳಿಸಿದ್ದರಿಂದ ಕಚ್ಚಿದೆ ಎನ್ನುತ್ತದೆ. ಮೃತ್ಯು ಬಂದು, ಗಾಳಿ ಮೋಡಗಳನ್ನು ತಳ್ಳುವ ಹಾಗೆ ಕಾಲ ನನ್ನನ್ನು ತಳ್ಳಿತು ಎನ್ನುತ್ತಾನೆ. ಕಾಲ ಬಂದು, ನಾನೂ ಅಲ್ಲ, ಮೃತ್ಯುವೂ ಅಲ್ಲ, ಹಾವೂ ಅಲ್ಲ, ಆ ಹುಡುಗನ ಕರ್ಮವೇ ಕಾರಣ ಎನ್ನುತ್ತಾನೆ. ಕೊನೆಗೆ ಗೌತಮಿ, ಮಗ ತನ್ನ ಕರ್ಮದಿಂದ ಹೋದ, ಮಗನನ್ನು ಕಳೆದುಕೊಳ್ಳುವಂತಹ ಕರ್ಮವನ್ನು ನಾನೂ ಮಾಡಿದ್ದೇನೆ, ಕಾಲನೂ ಮೃತ್ಯುವೂ ಹೋಗಲಿ, ಅರ್ಜುನಕ, ನೀನು ಹಾವನ್ನು ಬಿಡು ಎನ್ನುತ್ತಾಳೆ.

ಸಾಮಾನ್ಯವಾಗಿ ಈ ಕಥೆಯನ್ನು ‘ಎಲ್ಲಕ್ಕೂ ಕರ್ಮವೇ ಕಾರಣ’ ಎಂಬ ಒಂದು ಸಾಲಿಗೆ ಇಳಿಸಿಬಿಡುತ್ತಾರೆ. ನೀವು ಹಾಗೆ ಮಾಡದೆ ಮಾತುಗಳ ಅನುಕ್ರಮವನ್ನು ನೋಡಿ. ಹಾವನ್ನು ಬಿಡು ಎಂದು ಗೌತಮಿ ಹೇಳಿದ್ದು ಕರ್ಮದ ವಿವರಣೆ ಬರುವುದಕ್ಕೆ ಮೊದಲೇ. ಆ ದಯೆಗೆ ಯಾವ ಸಿದ್ಧಾಂತದ ಆಧಾರವೂ ಬೇಕಾಗಿರಲಿಲ್ಲ. ಕಾರಣವನ್ನು ಹುಡುಕುತ್ತಿದ್ದವನು ಬೇಡ, ಅದೂ ಯಾರನ್ನಾದರೂ ಕೊಲ್ಲಲೇಬೇಕು ಎಂಬ ಹಟಕ್ಕೆ. ಇನ್ನು, ಕರ್ಮದ ಮಾತನ್ನು ಕಾಲ ಹೇಳಿದಾಗ ಅದು ತನ್ನ ಮೇಲಿನ ಹೊಣೆಯನ್ನು ಜಾರಿಸಿಕೊಳ್ಳುವ ಮಾತು. ಅದೇ ಮಾತನ್ನು ಗೌತಮಿ ಹೇಳಿದಾಗ ಹೊಣೆಯನ್ನು ತನ್ನ ಮೇಲೆ ತೆಗೆದುಕೊಳ್ಳುವ ಮಾತು. ಒಂದೇ ವಾಕ್ಯಕ್ಕೆ ಬಾಯಿ ಬದಲಾದಾಗ ಅರ್ಥ ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪಠ್ಯ ನನಗೆ ಸಿಕ್ಕಿಲ್ಲ. ಇಷ್ಟಾದ ಮೇಲೆ ಕಥೆಯ ಹೊರಚೌಕಟ್ಟನ್ನೂ ಬರೆದುಕೊಳ್ಳಿ. ಈ ಕಥೆಯನ್ನು ಹೇಳುತ್ತಿರುವವನು ಶರಶಯ್ಯೆಯಲ್ಲಿರುವ ಭೀಷ್ಮ, ಕೇಳುತ್ತಿರುವವನು ನಿಮ್ಮ ಈ ಗತಿಗೆ ನಾನೇ ಕಾರಣನಾದೆ ಎಂದು ಕೊರಗುತ್ತಿರುವ ಯುಧಿಷ್ಠಿರ. ಬಾಣ ನಾಟಿಸಿಕೊಂಡವನು, ನಾಟಲು ಕಾರಣನಾದವನ ಮನಸ್ಸಿನ ಭಾರ ಇಳಿಸಲು ಹೇಳಿದ ಮಾತು ಅದು. ಯುಧಿಷ್ಠಿರನೇ ಭೀಷ್ಮನ ಬಳಿ ಹೋಗಿ ‘ಎಲ್ಲ ನಿಮ್ಮ ಕರ್ಮ, ತಾತ’ ಎಂದಿದ್ದರೆ ಹೇಗಿರುತ್ತಿತ್ತು ಎಂದು ಗುಂಪಿನಲ್ಲಿ ಕೇಳಿ ನೋಡಿ.

ವೈಷಮ್ಯ, ನೈರ್ಘೃಣ್ಯ

ಕಥೆಯಿಂದ ಶಾಸ್ತ್ರಕ್ಕೆ ಬರುವಾಗ ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದವನ್ನು ತೆರೆಯಬೇಕು. ಶಂಕರಭಾಷ್ಯದ ಪಾಠದಲ್ಲಿ 34ರಿಂದ 36ರವರೆಗಿನ ಮೂರು ಸೂತ್ರಗಳು ಸಾಕು. ಬೇರೆ ಭಾಷ್ಯಗಳಲ್ಲಿ ಸಂಖ್ಯೆ ಸ್ವಲ್ಪ ಅತ್ತಿತ್ತ ಆಗುತ್ತದೆ. ದೇವರ ಮೇಲಿನ ಆಪಾದನೆಯನ್ನು ಸೂತ್ರಕಾರ ಎರಡು ಪದಗಳಲ್ಲಿ ಇಡುತ್ತಾನೆ. ಕೆಲವರನ್ನು ಸುಖದಲ್ಲಿ, ಕೆಲವರನ್ನು ದುಃಖದಲ್ಲಿ ಹುಟ್ಟಿಸಿದ್ದರಿಂದ ಪಕ್ಷಪಾತ, ಅಂದರೆ ವೈಷಮ್ಯ. ದುಃಖವನ್ನು ಸೃಷ್ಟಿಸಿದ್ದರಿಂದ ಕ್ರೌರ್ಯ, ಅಂದರೆ ನೈರ್ಘೃಣ್ಯ. ಇವೆರಡೂ ಇಲ್ಲ, ಏಕೆಂದರೆ ಈಶ್ವರ ಜೀವಿಗಳ ಧರ್ಮಾಧರ್ಮಗಳನ್ನು ನೋಡಿಕೊಂಡೇ ಸೃಷ್ಟಿಸುತ್ತಾನೆ ಎಂಬುದು ಉತ್ತರ. ಶಂಕರರು ಮಳೆಯ ದೃಷ್ಟಾಂತ ಕೊಡುತ್ತಾರೆ. ಮಳೆ ಎಲ್ಲ ಬೆಳೆಗೂ ಸಮಾನವಾಗಿ ಸುರಿಯುತ್ತದೆ. ಒಂದು ಭತ್ತವಾಗಿ, ಇನ್ನೊಂದು ಜವೆಯಾಗಿ ಮೊಳೆಯುವುದು ಬೀಜದ ಗುಣದಿಂದ. ಹಾಗಾದರೆ ಮೊದಲ ಸೃಷ್ಟಿಯಲ್ಲಿ ಕರ್ಮ ಎಲ್ಲಿತ್ತು ಎಂಬ ಮರುಪ್ರಶ್ನೆಯನ್ನೂ ಸೂತ್ರವೇ ಎತ್ತಿ, ಸಂಸಾರ ಅನಾದಿ, ಬೀಜ ಮತ್ತು ಮೊಳಕೆಯ ಹಾಗೆ ಎಂದು ಉತ್ತರಿಸುತ್ತದೆ.

ಇಲ್ಲಿ ಮಾಡಬೇಕಾದ ಕೆಲಸವೊಂದಿದೆ. ಭಾಷ್ಯಕಾರರು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪ್ರಾಮಾಣಿಕವಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಹೋಗುತ್ತಾರೆ. ನೀವೂ ಹಾಗೆಯೇ, ಉತ್ತರ ಓದುವ ಮೊದಲು ಪುಸ್ತಕ ಮುಚ್ಚಿಟ್ಟು, ಆಪಾದನೆಯನ್ನು ನಿಮ್ಮದೇ ಮಾತಿನಲ್ಲಿ, ನಿಮ್ಮ ಊರಿನ ಉದಾಹರಣೆಯೊಂದಿಗೆ ಅರ್ಧ ಪುಟ ಬರೆಯಿರಿ. ಉತ್ತರ ಓದಿದ ಮೇಲೆ, ಅದು ನೀವು ಬರೆದ ಆಪಾದನೆಯನ್ನು ಎಷ್ಟರ ಮಟ್ಟಿಗೆ ಮುಟ್ಟಿತು ಎಂದು ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಪಕ್ಷಪಾತದ ಆಪಾದನೆಗೆ ಈ ಉತ್ತರ ಸಾಕು. ಕ್ರೌರ್ಯದ ಆಪಾದನೆಗೆ ಅರ್ಧ ಮಾತ್ರ ಸಾಕು. ಬೀಜಕ್ಕೆ ತಕ್ಕ ಬೆಳೆ ಕೊಡುವುದು ನ್ಯಾಯ, ಸರಿ, ಆದರೆ ದಯೆ ಎಂಬುದು ನ್ಯಾಯಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವುದಲ್ಲವೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಭಕ್ತಿಪಂಥಗಳು ಬೆಳೆದ ಜಾಗ ಅದೇ ಎಂದು ನನಗೆ ತೋರುತ್ತದೆ.

ಶಂಕರರು ಈ ಸೂತ್ರಗಳ ಚರ್ಚೆಯಲ್ಲಿ ಪ್ರಮಾಣವಾಗಿ ತರುವ ಶ್ರುತಿವಾಕ್ಯಗಳಲ್ಲಿ ಒಂದು ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದ್ದು: ಪುಣ್ಯಕರ್ಮದಿಂದ ಪುಣ್ಯವಂತನಾಗುತ್ತಾನೆ, ಪಾಪದಿಂದ ಪಾಪಿಯಾಗುತ್ತಾನೆ ಎಂಬುದು. ಆ ವಾಕ್ಯ ಹುಟ್ಟಿದ ಸಂದರ್ಭವನ್ನು ತಪ್ಪದೆ ಓದಿ. ಜನಕನ ಸಭೆಯಲ್ಲಿ ಆರ್ತಭಾಗ ಕೇಳುತ್ತಾನೆ: ಸತ್ತವನ ವಾಕ್ಕು ಅಗ್ನಿಗೆ, ಪ್ರಾಣ ವಾಯುವಿಗೆ, ಕಣ್ಣು ಸೂರ್ಯನಿಗೆ ಸೇರಿದ ಮೇಲೆ ಆ ಪುರುಷ ಎಲ್ಲಿರುತ್ತಾನೆ? ಯಾಜ್ಞವಲ್ಕ್ಯ ಉತ್ತರ ಕೊಡುವುದಿಲ್ಲ. ಕೈ ಕೊಡು ಆರ್ತಭಾಗ, ಇದನ್ನು ನಾವಿಬ್ಬರೇ ತಿಳಿಯೋಣ, ಇದು ಜನರ ನಡುವೆ ಆಡುವ ಮಾತಲ್ಲ ಎನ್ನುತ್ತಾನೆ. ಇಬ್ಬರೂ ಎದ್ದು ಹೊರಗೆ ಹೋಗಿ ಮಾತಾಡಿಕೊಳ್ಳುತ್ತಾರೆ. ಅವರು ಆಡಿಕೊಂಡದ್ದು ಕರ್ಮದ ವಿಷಯವನ್ನೇ ಎಂದು ಉಪನಿಷತ್ತು ಆಮೇಲೆ ತಿಳಿಸುತ್ತದೆ. ಸಭೆಯಲ್ಲಿ ಉಳಿದ ಪ್ರಶ್ನೆಗಳಿಗೆಲ್ಲ ಎಲ್ಲರೆದುರೇ ಉತ್ತರ ಕೊಟ್ಟ ಯಾಜ್ಞವಲ್ಕ್ಯ ಈ ಒಂದಕ್ಕೆ ಮಾತ್ರ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದ. ಇದನ್ನು ಓದಿದ ದಿನ ನನಗೆ ಅತ್ತಿಗೆಯ ಪ್ರಶ್ನೆ ಮತ್ತೆ ನೆನಪಾಗಿ, ತುಂಬಾ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಮಧ್ವಾಚಾರ್ಯರ ನಿಲುವನ್ನು ಇದರ ಜೊತೆಗೇ ಓದಬೇಕು, ಏಕೆಂದರೆ ಅದು ಭಾರತೀಯ ದರ್ಶನಗಳಲ್ಲಿ ಬಹುಮಟ್ಟಿಗೆ ಒಂಟಿ ನಿಲುವು. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ಬಗೆ. ಆ ಭೇದ ಸ್ವರೂಪದಲ್ಲಿಯೇ ಇರುವ, ಅನಾದಿಯಾದ ಭೇದ. ಕರ್ಮವೂ ಹರಿಯ ಅಧೀನವೇ. ಕೆಟ್ಟತನಕ್ಕೆ ಹೀಗೆ ತಳವೊಂದನ್ನು ತೋರಿಸಿದ್ದರಿಂದ ಲೋಕದಲ್ಲಿ ಕಾಣುವ ತಿದ್ದಲಾಗದ ದುಷ್ಟತನವನ್ನು ವಿವರಿಸುವುದು ಈ ಮತಕ್ಕೆ ಸುಲಭ. ಆ ತಳವನ್ನು ದೇವರೇಕೆ ಹಾಗೆಯೇ ಬಿಟ್ಟ ಎಂಬುದನ್ನು ವಿವರಿಸುವುದು ಕಷ್ಟ. ಓದುವವರು ಒಂದನ್ನು ಗಮನದಲ್ಲಿಡಬೇಕು. ಇದು ಜೀವಸ್ವರೂಪದ ವಿಂಗಡಣೆಯೇ ಹೊರತು ಪಕ್ಕದ ಮನೆಯವರ ಮೇಲೆ ಅಂಟಿಸಲು ಕೊಟ್ಟ ಚೀಟಿಯಲ್ಲ.

ಬೌದ್ಧರು ಮತ್ತು ಜೈನರು ಹೇಳುವುದು

ಸೃಷ್ಟಿಕರ್ತನಾದ ದೇವರನ್ನು ಒಪ್ಪದ ಈ ಎರಡು ದರ್ಶನಗಳಲ್ಲಿ ದೇವರನ್ನು ಸಮರ್ಥಿಸುವ ಕಷ್ಟವಿಲ್ಲ. ಹಾಗಾದರೆ ಎಲ್ಲವೂ ಕರ್ಮವೇ ಎಂದಾಯಿತಲ್ಲ ಎಂದು ನಾವು ಅವಸರಪಡುತ್ತೇವೆ. ಆ ಅವಸರಕ್ಕೆ ಮದ್ದಾಗಿ, ಬುದ್ಧನ ಮಾತುಗಳ ಪಾಲಿ ಸಂಗ್ರಹಗಳಲ್ಲೊಂದಾದ ಸಂಯುತ್ತ ನಿಕಾಯದ ಸೀವಕ ಸುತ್ತವನ್ನು ಓದಿ. ರಾಜಗೃಹದ ವೇಣುವನದಲ್ಲಿ ಮೋಳಿಯಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರಿದ್ದಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಮೂರೂ ಸೇರಿದ ಸನ್ನಿಪಾತ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಎಂಟನೆಯದಾಗಿ ಕರ್ಮವಿಪಾಕ. ಎಲ್ಲವೂ ಹಿಂದಿನ ಕರ್ಮ ಎನ್ನುವವರು ಸ್ವಂತ ಅನುಭವವನ್ನೂ ಮೀರುತ್ತಾರೆ, ಲೋಕವು ಸತ್ಯವೆಂದು ಒಪ್ಪಿದ್ದನ್ನೂ ಮೀರುತ್ತಾರೆ ಎಂಬುದು ಅವನ ತೀರ್ಪು. ನಮ್ಮ ನರ್ಸಮ್ಮನಿಗೆ ಇಡೀ ಓದಿನಲ್ಲಿ ಅತಿ ಮೆಚ್ಚುಗೆಯಾದದ್ದು ಈ ಪಟ್ಟಿ. ಕರ್ಮ ಪಟ್ಟಿಯಲ್ಲಿದೆ, ಆದರೆ ವಾತಪಿತ್ತಗಳನ್ನು ನೋಡಿಯಾದ ಮೇಲೆ ಇದೆ ಎಂದು ಅವರು ಬೆರಳು ಮಡಿಸಿ ಎಣಿಸಿ ತೋರಿಸಿದರು.

ಜೈನರಲ್ಲಿ ಕರ್ಮ ಎಂಬುದು ಬರಿಯ ನಿಯಮವಲ್ಲ, ಜೀವಕ್ಕೆ ಬಂದು ಅಂಟುವ ಸೂಕ್ಷ್ಮ ದ್ರವ್ಯ. ಕರ್ಮದ ಎಂಟು ಮೂಲಪ್ರಕೃತಿಗಳಲ್ಲಿ, ಅಂದರೆ ಮುಖ್ಯ ಬಗೆಗಳಲ್ಲಿ, ಸುಖದುಃಖಗಳನ್ನು ಉಣಿಸುವುದು ವೇದನೀಯ ಕರ್ಮ. ಸುಖ ಕೊಡುವುದು ಸಾತಾ, ದುಃಖ ಕೊಡುವುದು ಅಸಾತಾ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾ ವೇದನೀಯ ಏಕೆ ಹರಿದು ಬರುತ್ತದೆ ಎಂಬ ಸೂತ್ರವಿದೆ. ದುಃಖ, ಶೋಕ, ತಾಪ, ಆಕ್ರಂದನ, ವಧೆ, ಗೋಳಾಟಗಳನ್ನು ತನ್ನಲ್ಲಾಗಲಿ, ಪರರಲ್ಲಾಗಲಿ, ಇಬ್ಬರಲ್ಲಿಯೂ ಆಗಲಿ ಉಂಟುಮಾಡುವುದೇ ಅದಕ್ಕೆ ಕಾರಣ ಎನ್ನುತ್ತದೆ ಅದು. ಇದನ್ನು ನಿಮ್ಮ ನಾಲ್ಕು ಅಂಕಣಗಳಲ್ಲಿಟ್ಟು ನೋಡಿ. ನೊಂದವರ ಮುಂದೆ ನಿಂತು ಇದು ನಿನ್ನ ಕರ್ಮ ಎಂದು ಅಳಿಸುವವನು, ಆ ಮಾತು ನಿಜವೇ ಆಗಿದ್ದರೂ, ಅದೇ ಸಿದ್ಧಾಂತದ ಪ್ರಕಾರ ತನ್ನ ಪಾಲಿನ ಅಸಾತಾವನ್ನು ಅಲ್ಲಿಯೇ ಕಟ್ಟಿಕೊಳ್ಳುತ್ತಿದ್ದಾನೆ.

ಕೆಡುಕು ಇರುವುದು ಕ್ರಿಯೆಯಲ್ಲಿಯೋ ಸಂಕಲ್ಪದಲ್ಲಿಯೋ ಎಂಬ ಪ್ರಶ್ನೆಗೆ ಕನ್ನಡದಲ್ಲಿಯೇ ಒಂದು ಅಪೂರ್ವ ಪಠ್ಯವಿದೆ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜನೂ ಅವನ ತಾಯಿಯೂ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾರೆ. ರಕ್ತ ಹರಿಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪವಿತ್ತು ಎಂಬಷ್ಟಕ್ಕೇ ಅವರಿಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಅಲೆದು ಮತ್ತೆ ಮತ್ತೆ ಕೊಲ್ಲಿಸಿಕೊಳ್ಳಬೇಕಾಗುತ್ತದೆ. ಶಿಕ್ಷೆ ತಪ್ಪಿಗಿಂತ ಹೆಚ್ಚಾಯಿತು ಎಂದು ನಮ್ಮಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಆದರೆ ಈ ಕಥೆಯನ್ನು ಕಾವ್ಯದೊಳಗೆ ಹೇಳುವವನು ಆ ಜನ್ಮಗಳನ್ನೆಲ್ಲ ಸ್ವತಃ ಉಂಡು ಬಂದ ಅಭಯರುಚಿ. ಕೇಳುವವನು ಅವನನ್ನೇ ಬಲಿಕೊಡಲು ನಿಲ್ಲಿಸಿಕೊಂಡಿರುವ ಮಾರಿದತ್ತ. ಇಲ್ಲಿಯೂ ಕರ್ಮದ ಕಥೆ ಉತ್ತಮಪುರುಷದಲ್ಲಿಯೇ ಇದೆ.

ನನ್ನ ಮೂರು ಗುರುತುಗಳಿಗೆ ಸುಲಭವಾಗಿ ಬಗ್ಗದ ಪಠ್ಯಗಳೂ ಇವೆ. ಲೋಕದ ಡೊಂಕನ್ನು ತಿದ್ದಲು ಹೊರಟವರನ್ನು ತಡೆಯುವ ಬಸವಣ್ಣನವರ ವಚನ, ನೆರೆಮನೆಯ ದುಃಖಕ್ಕೆ ಅಳುವವರನ್ನು ಕೂಡಲಸಂಗಮದೇವ ಮೆಚ್ಚುವುದಿಲ್ಲ ಎಂದು ಮುಗಿಯುತ್ತದೆ. ದಯೆಯೇ ಧರ್ಮದ ಮೂಲ ಎಂದವರೇ ಹೀಗೆ ಹೇಳಿದ್ದಾರಲ್ಲ ಎಂದು ನಮ್ಮ ಗುಂಪಿನಲ್ಲಿ ಆ ಸಂಜೆ ಜಗಳವೇ ಆಯಿತು. ತನ್ನ ಮನಸ್ಸನ್ನು ಸಂತೈಸಿಕೊಳ್ಳದೆ ಪರರ ಮನೆಗೆ ಹೋಗಿ ಅಳುವ ಆಡಂಬರದ ಮೇಲಿನ ಮಾತಿದು ಎಂದು ನಾನು ಓದುತ್ತೇನೆ. ಒಪ್ಪದವರು ಇನ್ನೂ ಒಪ್ಪಿಲ್ಲ. ಇಂತಹ ಕಡೆ ಅಂಕಣವನ್ನು ಖಾಲಿ ಬಿಡಿ, ಬಲವಂತವಾಗಿ ತುಂಬಬೇಡಿ. ಪುರಂದರದಾಸರ ‘ಆದದ್ದೆಲ್ಲ ಒಳಿತೇ ಆಯಿತು’ ಎಂಬ ಮಾತಿಗಾದರೆ ತೊಂದರೆಯಿಲ್ಲ. ಹೆಂಡತಿಯಿಂದಾಗಿ ಸಿರಿವಂತಿಕೆ ಬಿಟ್ಟು ದಂಡಿಗೆ ಹಿಡಿದವರು ತಮ್ಮ ಬಾಳಿನ ಬಗೆಗೆ ಹಾಡಿಕೊಂಡದ್ದು ಅದು. ಅದನ್ನು ಇನ್ನೊಬ್ಬರ ಮನೆಯ ತಿಥಿಯಲ್ಲಿ ಹಾಡುವವರು ಹಾಡಿನ ಮೊದಲ ಸಾಲನ್ನಷ್ಟೇ ಬಲ್ಲವರು.

ಯೋಬನ ಗೆಳೆಯರು

ಹೀಬ್ರೂ ಪರಂಪರೆಯ ಯೋಬನ ಗ್ರಂಥ ಕನ್ನಡ ಬೈಬಲಿನಲ್ಲಿ 42 ಅಧ್ಯಾಯಗಳಷ್ಟಿದೆ. ಮೊದಲ ಮೂರು, 38ರಿಂದ ಕೊನೆಯವರೆಗಿನವು, ನಡುವೆ ಗೆಳೆಯರ ಒಂದೊಂದು ಭಾಷಣ, ಇಷ್ಟನ್ನು ಓದಿದರೆ ಆರಂಭಕ್ಕೆ ಸಾಕು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ, ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈ ಕೆರೆದುಕೊಳ್ಳುತ್ತಿದ್ದ ಯೋಬನ ಬಳಿಗೆ ಎಲೀಫಜ, ಬಿಲ್ದದ, ಚೋಫರರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿರುತ್ತಾರೆ. ಅಷ್ಟು ಚೆನ್ನಾಗಿ ನಡೆದುಕೊಂಡವರು, ಯೋಬ ಬಾಯಿಬಿಟ್ಟು ತನ್ನ ಹುಟ್ಟಿದ ದಿನವನ್ನು ಶಪಿಸಿದ ಮೇಲೆ ತಡೆಯಲಾರದೆ ವಿವರಣೆಗೆ ತೊಡಗುತ್ತಾರೆ: ಪಾಪವಿಲ್ಲದೆ ಕಷ್ಟ ಬರುವುದಿಲ್ಲ, ಯೋಚಿಸಿ ನೋಡು, ಒಪ್ಪಿಕೋ. ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನನ್ನು ಸಮರ್ಥಿಸಲು ಹೊರಟ ಈ ಮೂವರ ಮೇಲೆ. ಯೋಬನಿಗಾದರೂ ಸುಂಟರಗಾಳಿಯೊಳಗಿನಿಂದ ಮಾತಾಡುವ ದೇವರಿಂದ ಕಾರಣವೇನೂ ಸಿಗುವುದಿಲ್ಲ. ಮರುಪ್ರಶ್ನೆಗಳು ಮಾತ್ರ ಸಿಗುತ್ತವೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಡಿ. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ, ಯೇಸು ಎರಡನ್ನೂ ಅಲ್ಲಗಳೆದು, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾನೆ. ಇಸ್ಲಾಮಿನಲ್ಲಿ ಇದೇ ಪ್ರಶ್ನೆಯನ್ನು ಹುಡುಕುವವರಿಗೆ ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಮೂಸಾ ಮತ್ತು ಅವರ ಸಹಪ್ರಯಾಣಿಕನ ಪ್ರಸಂಗ ಒಳ್ಳೆಯ ಬಾಗಿಲು.

ಯುರೋಪಿನ ತತ್ತ್ವಜ್ಞಾನದಲ್ಲಿ ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಎಂಬ ಅಗಸ್ಟೀನನ ವಾದವನ್ನು ಬೇಗ ದಾಟಿ, 1755ಕ್ಕೆ ಬನ್ನಿ. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಉತ್ತಮ ಎಂದು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ವಾದಿಸಿದ್ದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಚರ್ಚುಗಳಲ್ಲಿ ಜನ ತುಂಬಿದ್ದಾಗ ಪೋರ್ಚುಗಲ್ಲಿನ ಲಿಸ್ಬನ್ ನಗರ ಕಂಪಿಸಿತು. ಕುಸಿತದ ಹಿಂದೆ ಬೆಂಕಿ, ಕಡಲಿನ ತೆರೆಗಳು. ನಾಲ್ಕು ವರ್ಷಗಳ ಮೇಲೆ ವೋಲ್ಟೇರ್ ಆ ವಾದವನ್ನು ತನ್ನ ಕಾದಂಬರಿಯಲ್ಲಿ ನಗೆಪಾಟಲು ಮಾಡಿದ. ಲೈಬ್ನಿಟ್ಸ್‌ನಿಗೆ ಇದರಲ್ಲಿ ಸ್ವಲ್ಪ ಅನ್ಯಾಯವಾಗಿದೆ. ಅವನು ವಿದ್ವಾಂಸರ ಚರ್ಚೆಗೆಂದು ಬರೆದದ್ದನ್ನು ಅವಶೇಷಗಳ ಮುಂದೆ ನಿಂತು ಓದಿದವರು ಬೇರೆಯವರು.

ಕೊನೆಯ ಅಭ್ಯಾಸಕ್ಕೆ ನಮ್ಮ ದೇಶದ್ದೇ ಭೂಕಂಪವೊಂದಿದೆ. 1934ರ ಜನವರಿ 15ರಂದು ಬಿಹಾರ ನಡುಗಿದಾಗ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಪ್ರವಾಸ ಮಾಡುತ್ತ ದಕ್ಷಿಣದಲ್ಲಿದ್ದರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆಯಿದು ಎಂದು ಅವರು ಸಾರ್ವಜನಿಕವಾಗಿ ಹೇಳಿದರು. ರವೀಂದ್ರನಾಥ ಠಾಕೂರರು ಇದನ್ನು ಖಂಡಿಸಿ, ಪ್ರಾಕೃತಿಕ ವಿಪತ್ತಿಗೆ ಪ್ರಾಕೃತಿಕ ಕಾರಣಗಳೇ ಇರುತ್ತವೆ, ಇಂಥ ವಾದವನ್ನು ಎದುರಾಳಿಗಳೂ ಅಷ್ಟೇ ಸಲೀಸಾಗಿ ಬಳಸಬಹುದು ಎಂದು ಬರೆದರು. ಗಾಂಧೀಜಿ ಆ ಖಂಡನೆಯನ್ನು ತಮ್ಮದೇ ಹರಿಜನ ಪತ್ರಿಕೆಯಲ್ಲಿ ಅಚ್ಚುಮಾಡಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ಗುಂಪನ್ನು ಎರಡು ಪಾಲು ಮಾಡಿ, ಠಾಕೂರರನ್ನು ಒಪ್ಪುವವರಿಗೆ ಗಾಂಧಿಯವರ ಪಕ್ಷವನ್ನೂ, ಗಾಂಧಿಯವರನ್ನು ಒಪ್ಪುವವರಿಗೆ ಠಾಕೂರರ ಪಕ್ಷವನ್ನೂ ವಹಿಸಿ. ನಾನು ಠಾಕೂರರ ಕಡೆಯವನು. ಆದರೂ ಗಾಂಧಿಯವರ ಪಕ್ಷವನ್ನು ವಾದಿಸಬೇಕಾಗಿ ಬಂದಾಗ, ಅವರು ‘ನಮ್ಮ ಪಾಪ’ ಎಂದು ತಮ್ಮನ್ನೂ ಸೇರಿಸಿಕೊಂಡೇ ಹೇಳಿದ್ದರು ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಗೋಡೆ ಬಿದ್ದು ಸತ್ತವರಲ್ಲಿ ಅಸ್ಪೃಶ್ಯರೂ ಇದ್ದಿರಬೇಕಲ್ಲ, ಅವರದು ಯಾವ ‘ನಮ್ಮ ಪಾಪ’ ಎಂದು ಎದುರು ಪಕ್ಷದವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಗುಂಪು ನಡೆಸುವವರಿಗೆ ಇನ್ನೆರಡು ಮಾತು. ಓದಿನ ನಡುವೆ ಯಾರಾದರೂ ತಮ್ಮ ಮನೆಯ ಸಾವಿನ ಮಾತೆತ್ತಿದರೆ ಪುಸ್ತಕ ಮುಚ್ಚಿ. ಅಂದಿನ ಪಾಠ ಮುಂದಿನ ವಾರಕ್ಕಿರಲಿ. ಅವರು ಹೇಳಿದ್ದನ್ನು ಯಾವ ಅಂಕಣದಲ್ಲಿಯೂ ಬರೆಯಬಾರದು. ಕೊನೆಯ ಭಾನುವಾರಕ್ಕೆ ಕಿಸಾಗೋತಮಿಯ ಕಥೆಯನ್ನು ಇಟ್ಟುಕೊಳ್ಳಿ. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳಲು ಬಂದವಳಿಗೆ ಬುದ್ಧ ಏನನ್ನೂ ವಿವರಿಸುವುದಿಲ್ಲ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದಷ್ಟೇ ಹೇಳಿ ಕಳಿಸುತ್ತಾನೆ. ಅದನ್ನು ಒಬ್ಬರು ಗಟ್ಟಿಯಾಗಿ ಓದಲಿ, ಚರ್ಚೆ ಬೇಡ. ಅಂದು ಯಾರೂ ನೋಟ್‌ಬುಕ್ಕು ತರಬಾರದು ಎಂದು ಹಿಂದಿನ ವಾರವೇ ತಿಳಿಸಿಬಿಡಿ.